ಡೋರಾಳ ಉತಾರ ಯಾರ ಹೆಸರಿನಲ್ಲಿದೆ?

ಪ್ರಶ್ನೆ: ನಮ್ಮದು ಅಥಣಿ. ನನಗೀಗ 26 ವರ್ಷ. ಮೂರನೇ ಕ್ಲಾಸಿನಲ್ಲಿದ್ದಾಗ ಚಿಂಟು ಟಿವಿ ಬಂತು. ನಾನು, ನನ್ನ ತಮ್ಮ ಶಾಲೆ ಬಿಟ್ಟು ಬಂದವರೇ ಚೀಲ ಮೂಲೆಗೆ ಒಗೆದು ಕನ್ನಡದ ಡೋರಾ ಕಾರ್ಟೂನ್ ನೋಡ್ತಾ ಕೂರುತ್ತಿದ್ದೆವು. ಈಗ ಅಕ್ಕನ ಮಗಳಿಗೆ ಅದನ್ನೇ ತೋರಿಸೋಣ ಅಂತ ಹುಡುಕಿದರೆ ಇಂಗ್ಲಿಷಿನಲ್ಲಿದೆ, ಹಿಂದಿಯಲ್ಲಿದೆ. ನಾವು ಕೇಳಿದ ಆ ಕನ್ನಡದ ದನಿ ಮಾತ್ರ ಇಲ್ಲ. ಪೇಪರಿನಲ್ಲಿ ನೋಡಿದರೆ ಆ ಟಿವಿ ಕಂಪನಿ ಈ ಕಂಪನಿಯ ಜೊತೆ ಕೂಡಿತು ಅನ್ನೋ ಸುದ್ದಿಯೇ ಜಾಸ್ತಿ. ಹೀಗೆ ಕೂಡ್ತಾ ಹೋದರೆ ನಮ್ಮ ಕಾರ್ಟೂನ್‌ಗಳು ಕಾಯಂ ಹೋಗಿಬಿಡುತ್ತವಾ? ತಮ್ಮ ಆಗ ಕಂಪ್ಯೂಟರಿಗೆ ಟಿವಿ ಟ್ಯೂನರ್ ಕಾರ್ಡ್ ಹಾಕಿ ರೆಕಾರ್ಡ್ ಮಾಡಿಟ್ಟ 17 ಡಿವಿಡಿ ಮನೆಯಲ್ಲಿವೆ. ಅವನ್ನು ಯೂಟ್ಯೂಬಿಗೆ ಹಾಕಬಹುದಾ ಸರ್?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಒಂದು ಸಾಲಿನ ಉತ್ತರ. ಡಿವಿಡಿ ಎಸೆಯಬೇಡಿ, ಯೂಟ್ಯೂಬಿಗೂ ಹಾಕಬೇಡಿ. ಯಾಕೆ ಅನ್ನೋದನ್ನು ಆಮೇಲೆ ಹೇಳುತ್ತೇನೆ, ಅದಕ್ಕೆ ಸ್ವಲ್ಪ ದಾರಿ ನಡೆಯಬೇಕು.

ನಾನು ಮೊದಲು ಬೆಳಗಾವಿಯಲ್ಲಿ ಕೇಬಲ್ ಎಳೆದವನು. ಆಮೇಲೆ ಬೆಂಗಳೂರಿಗೆ ಹೋಗಿ ಚಾನೆಲ್‌ಗಳಿಗೆ ಹೊರಗಿನ ಕಾರ್ಯಕ್ರಮ ಕೊಳ್ಳುವ, ಅದರ ಹಕ್ಕುಪತ್ರ ನೋಡುವ ಕೆಲಸ ಮಾಡಿದೆ. ಹಾಗಾಗಿ ಈ ವ್ಯವಹಾರವನ್ನು ಎರಡೂ ತುದಿಯಿಂದ ನೋಡಿದ್ದೇನೆ. ಮಾಳಿಗೆಯ ಮೇಲಿನ ಡಿಶ್ ಛತ್ರಿಯ ಕಡೆಯಿಂದ ಒಮ್ಮೆ, ಸ್ಟಾಂಪ್ ಪೇಪರಿನ ಕಡೆಯಿಂದ ಇನ್ನೊಮ್ಮೆ.

ನಮ್ಮ ಕೇಬಲ್ ಕಂಟ್ರೋಲ್ ರೂಮು ಬೆಳಗಾವಿಯ ವಡಗಾವಿಯಲ್ಲಿತ್ತು. ಸುತ್ತ ಪೂರ್ತಿ ಪವರ್‌ಲೂಮ್ ಮನೆಗಳು. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ಸಂಸಾರ. ಮಗ್ಗ ಓಡುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳಿಸದು. ಆ ಮನೆಗಳಲ್ಲಿ ಸೀರಿಯಲ್ ನೋಡೋದು ಕಷ್ಟ, ವಾರ್ತೆ ನೋಡೋದು ಇನ್ನೂ ಕಷ್ಟ. ಆದರೆ ಟಾಮ್ ಅಂಡ್ ಜೆರಿ ಆರಾಮಾಗಿ ನಡೆಯುತ್ತಿತ್ತು. ಅದರಲ್ಲಿ ಮಾತೇ ಇಲ್ಲವಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡುವ ಹುಡುಗರು ಇಂಗ್ಲಿಷ್ ಚಾನೆಲ್ ಹಚ್ಚಿಕೊಂಡು ಮಗ್ಗದ ಖಟ್‌ಖಟ್ ಜೊತೆಗೆ ಬಿದ್ದು ಬಿದ್ದು ನಗುತ್ತಿದ್ದರು. ಕರೆಂಟ್ ಹೋದರೆ ಮಗ್ಗವೂ ನಿಂತಿತು, ಬೆಕ್ಕೂ ನಿಂತಿತು.

ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. ಆಗ ಅದು ಇಡೀ ದಿನದ ಚಾನೆಲ್ ಆಗಿರಲಿಲ್ಲ. ಹಗಲು ಕಾರ್ಟೂನ್, ರಾತ್ರಿಯಾದರೆ ಅದೇ ಚಾನೆಲ್ಲಿನಲ್ಲಿ ಟಿಎನ್‌ಟಿ ಅಂತ ಹೆಸರು ಬದಲಾಗಿ ಹಾಲಿವುಡ್ಡಿನ ಹಳೇ ಸಿನಿಮಾ. ಓಡುತ್ತಿದ್ದ ಬೆಕ್ಕು ಮಾಯವಾಗಿ ಕಪ್ಪು ಬಿಳುಪಿನಲ್ಲಿ ಟೋಪಿ ಹಾಕಿದ ಗಂಡಸೊಬ್ಬ ಸಿಗರೇಟು ಹಚ್ಚುತ್ತಿದ್ದ. ಕಂಟ್ರೋಲ್ ರೂಮಿನ ಬಾಗಿಲಿಗೆ ಹುಡುಗರ ದಂಡು ಬರುತ್ತಿತ್ತು. “ಕಾಕಾ, ಕಾರ್ಟೂನ್ ಯಾಕ ತೆಗದ್ರೀ? ಹಚ್ಚರಿ ಮತ್ತ!” ನಾವೇ ಬಂದ್ ಮಾಡಿದ್ದೇವೆ ಅಂತ ಅವರ ನಂಬಿಕೆ. ಅದು ಮ್ಯಾಲಿಂದನ ಹಂಗ ಬರ್ತೈತಪಾ ಅಂದರೆ ಒಬ್ಬನೂ ಒಪ್ಪುತ್ತಿರಲಿಲ್ಲ.

ಹಗಲು ಕಾರ್ಟೂನ್, ರಾತ್ರಿ ಹಳೇ ಸಿನಿಮಾ ಅನ್ನೋ ಜೋಡಿ ಎಲ್ಲಿಂದ ಬಂತು ಅನ್ನೋದು ನನಗೂ ಗೊತ್ತಾದದ್ದು ವರ್ಷಗಳಾದ ಮೇಲೆ, ಹಕ್ಕುಪತ್ರ ಓದುವ ಕೆಲಸಕ್ಕೆ ಬಂದ ಮೇಲೆ. ಅಮೆರಿಕದ ಟಿವಿ ಉದ್ಯಮಿ ಟೆಡ್ ಟರ್ನರ್ 1986ರಲ್ಲಿ ಎಂಜಿಎಂ ಸಿನಿಮಾ ಕಂಪನಿಯನ್ನು ಕೊಂಡರು. ಸಾಲ ತಡೆಯಲಾಗದೆ ಕೆಲವೇ ತಿಂಗಳಲ್ಲಿ ಬಹುಪಾಲನ್ನು ವಾಪಸ್ ಮಾರಿದರು. ಆದರೆ ಒಂದನ್ನು ಮಾತ್ರ ಬಿಡಲಿಲ್ಲ: ಹಳೇ ಸಿನಿಮಾಗಳ ಗೋದಾಮು. ಆ ಗೋದಾಮಿನಲ್ಲಿ ದೊಡ್ಡವರ ಸಿನಿಮಾಗಳ ಜೊತೆಗೆ ಟಾಮ್ ಅಂಡ್ ಜೆರಿಯೂ ಇತ್ತು. 1991ರಲ್ಲಿ 32 ಕೋಟಿ ಡಾಲರ್ ಕೊಟ್ಟು ಹನ್ನಾ ಬಾರ್ಬೆರಾ ಕಾರ್ಟೂನ್ ಸ್ಟುಡಿಯೊವನ್ನೂ ತೆಗೆದುಕೊಂಡರು. ಇಷ್ಟೆಲ್ಲ ಸರಕು ಕೈಗೆ ಬಂದ ಮೇಲೆ 1992ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಶುರುವಾಯಿತು. ಹೀಗೆ ಕೊಂಡು ತಂದ ಮಾಲನ್ನು ಹಗಲಿಗೊಂದು, ರಾತ್ರಿಗೊಂದು ಅಂತ ಹಂಚಿ ನಮ್ಮ ಛತ್ರಿಗೆ ಕಳಿಸುತ್ತಿದ್ದರು, ಅಷ್ಟೇ.

ಇದನ್ನು ಯಾಕೆ ಹೇಳಿದೆ ಅಂದರೆ, ಕಂಪನಿಗಳು ಕೂಡಿದ್ದರಿಂದ ಬಾಲ್ಯದ ಕಾರ್ಟೂನ್ ಹಾಳಾಯಿತು ಅಂತ ಎಲ್ಲರೂ ಬೈಯುತ್ತಾರೆ. ನಾನೂ ಬೈಯುತ್ತೇನೆ. ಆದರೆ ನಾವು ಪ್ರೀತಿಸಿದ ಚಾನೆಲ್ಲು ಹುಟ್ಟಿದ್ದೂ ಅಂಥ ಒಂದು ಖರೀದಿಯಿಂದಲೇ. ಗೋದಾಮು ಒಬ್ಬರ ಕೈಗೆ ಬಂದದ್ದರಿಂದ ಮುಚ್ಚಿದ್ದ ಪೆಟ್ಟಿಗೆ ತೆರೆಯಿತು. ಈಗ ಅದೇ ಕಾರಣಕ್ಕೆ ಕೆಲವು ಪೆಟ್ಟಿಗೆ ಮುಚ್ಚುತ್ತಿವೆ.

ಹೊಲದ ಉತಾರ, ಅಂದರೆ ಪಹಣಿ, ನೋಡಿ ಗೊತ್ತಿರುತ್ತೆ ನಿಮಗೆ. ಹೊಲ ಇದ್ದಲ್ಲೇ ಇರುತ್ತೆ, ಮೇಲಿನ ಹೆಸರು ಬದಲಾಗುತ್ತೆ. ಟಾಮ್ ಅಂಡ್ ಜೆರಿಯ ಉತಾರ ತೆಗೆಸಿದರೆ ಹೀಗಿರುತ್ತೆ. 1940ರಲ್ಲಿ ಎಂಜಿಎಂ. 1986ರಲ್ಲಿ ಟರ್ನರ್. 1996ರಲ್ಲಿ ಟರ್ನರ್ ಕಂಪನಿಯೇ ಟೈಮ್ ವಾರ್ನರ್ ಒಳಗೆ ಸೇರಿತು. 2001ರಲ್ಲಿ ಆ ಟೈಮ್ ವಾರ್ನರ್ ಅನ್ನು ಇಂಟರ್‌ನೆಟ್ ಕಂಪನಿ ಎಒಎಲ್ ತೆಗೆದುಕೊಂಡಿತು. ಮರುವರ್ಷದ ನಷ್ಟ ಸುಮಾರು 9,900 ಕೋಟಿ ಡಾಲರ್. ಕೊನೆಗೆ 2009ರಲ್ಲಿ ಇಬ್ಬರೂ ಬೇರೆಯಾದರು. 2018ರಲ್ಲಿ ಫೋನ್ ಕಂಪನಿ ಎಟಿ ಅಂಡ್ ಟಿ ಸುಮಾರು 8,500 ಕೋಟಿ ಡಾಲರಿಗೆ ಟೈಮ್ ವಾರ್ನರ್ ಅನ್ನು ಕೊಂಡಿತು. ನಾಲ್ಕು ವರ್ಷಕ್ಕೆ ಅದಕ್ಕೂ ಸಾಕಾಯಿತು. 2022ರ ಏಪ್ರಿಲ್‌ನಲ್ಲಿ ಡಿಸ್ಕವರಿ ಜೊತೆ ಕೂಡಿಸಿ ವಾರ್ನರ್ ಬ್ರದರ್ಸ್ ಡಿಸ್ಕವರಿ ಅಂತ ಮಾಡಿದರು. ಇಷ್ಟು ಹೆಸರು ಬದಲಾದರೂ ಬೆಕ್ಕಿಗೆ ಇಲಿ ಸಿಕ್ಕಿಲ್ಲ.

ನಮ್ಮ ಕಡೆ ಉತಾರದಲ್ಲಿ ಇನ್ನೊಂದು ಕಾಲಂ ಇರುತ್ತಲ್ವಾ, ಬೋಜಾ, ಅಂದರೆ ಸಾಲದ ಹೊರೆ ಕೂರುವುದು? ನಿಜವಾದ ಕಥೆ ಇರೋದು ಅಲ್ಲಿ. ಡಿಸ್ಕವರಿ ಜೊತೆ ಕೂಡಿದಾಗ ಹೊಸ ಕಂಪನಿಯ ತಲೆ ಮೇಲೆ 5,000 ಕೋಟಿ ಡಾಲರಿಗೂ ಮೀರಿದ ಸಾಲ ಇತ್ತು. ಪಕ್ಕದವರ ಕಬ್ಬಿನ ಹೊಲವನ್ನು ಸಾಲ ಮಾಡಿ ಕೊಂಡವರು ಮೊದಲು ಏನು ಮಾಡುತ್ತಾರೆ? ಬದುವಿನ ಮೇಲೆ ಕಣ್ಣು ಹಾಯಿಸುತ್ತಾರೆ. ಅಲ್ಲಿರೋ ಹುಣಸೆ ಗಿಡ ವರ್ಷಕ್ಕೆ ಎಷ್ಟು ಕೊಡುತ್ತೆ, ನೆರಳಿಗೆ ಎಷ್ಟು ಬೆಳೆ ಹಾಳಾಗುತ್ತೆ ಅಂತ ಲೆಕ್ಕ ಹಾಕುತ್ತಾರೆ. ಕಡಿದರೆ ಕಟ್ಟಿಗೆಯ ದುಡ್ಡಾದರೂ ಬರುತ್ತೆ.

ಕಾರ್ಟೂನ್‌ಗಳು ಆ ಹುಣಸೆ ಗಿಡ. 2022ರ ಆಗಸ್ಟ್‌ನಲ್ಲಿ ಆ ಕಂಪನಿ ತನ್ನ ಎಚ್‌ಬಿಒ ಮ್ಯಾಕ್ಸ್ ಆ್ಯಪ್‌ನಿಂದ 36 ಕಾರ್ಯಕ್ರಮಗಳನ್ನು ತೆಗೆಯಿತು. ಅದರಲ್ಲಿ ಮಕ್ಕಳ ಕಾರ್ಟೂನ್‌ಗಳು ಬಹಳ ಇದ್ದವು. ಇನ್ಫಿನಿಟಿ ಟ್ರೇನ್ ಅಂತ ಒಂದು ಇತ್ತು. ಅದನ್ನು ಮಾಡಿದ ಓವನ್ ಡೆನಿಸ್ ತಮ್ಮ ಬೇಸರವನ್ನು ಬಹಿರಂಗವಾಗಿಯೇ ಬರೆದರು. 2023ರ ನವೆಂಬರ್‌ನಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ಕಯೋಟಿ ವರ್ಸಸ್ ಆ್ಯಕ್ಮಿ ಅನ್ನೋ ಸಿನಿಮಾ ಪೂರ್ತಿ ಮುಗಿದಿತ್ತು. ಆದರೂ ಬಿಡುಗಡೆ ಮಾಡುವುದಿಲ್ಲ, ನಷ್ಟದ ಲೆಕ್ಕಕ್ಕೆ ಬರೆದು ತೆರಿಗೆ ಉಳಿಸುತ್ತೇವೆ ಅಂದರು. ಮಾಡಿದ ಅಡುಗೆಯನ್ನು ಬಡಿಸದೆ ಚೆಲ್ಲಿ, ಅಕ್ಕಿಯ ದುಡ್ಡನ್ನು ತೆರಿಗೆಯಲ್ಲಿ ಕಳೆಯುವ ಲೆಕ್ಕ ಅದು. ಜನ ಗಲಾಟೆ ಮಾಡಿದರು. 2025ರಲ್ಲಿ ಇನ್ನೊಂದು ಕಂಪನಿ ಅದನ್ನು ಕೊಂಡಿತು. ಗಲಾಟೆಗೆ ಸ್ವಲ್ಪ ಬೆಲೆ ಇದೆ, ಇದನ್ನು ನೆನಪಿಟ್ಟುಕೊಳ್ಳಿ.

ಒಂದು ಅನುಮಾನ ಬರಬಹುದು. ಕಂಪ್ಯೂಟರಿನಲ್ಲಿ ಸುಮ್ನೆ ಬಿದ್ದಿರೋ ಕಾರ್ಟೂನ್‌ಗೆ ಏನು ಖರ್ಚು, ಯಾಕೆ ತೆಗೆಯಬೇಕು? ಖರ್ಚಿದೆ. ಆ್ಯಪ್‌ನಲ್ಲಿ ಇರುವಷ್ಟು ದಿನ ಬರೆದವರಿಗೆ, ದನಿ ಕೊಟ್ಟವರಿಗೆ ಒಪ್ಪಂದದ ಪ್ರಕಾರ ಇಂತಿಷ್ಟು ಕೊಡಬೇಕಾಗುತ್ತೆ. ಹಾಡಿನ ಹಕ್ಕು ಬೇರೆಯವರದ್ದಾದರೆ ಅದಕ್ಕೂ ಕೊಡಬೇಕು. ಜೊತೆಗೆ ಪುಸ್ತಕದಲ್ಲಿ ಆ ಕಾರ್ಟೂನ್ ಒಂದು ಆಸ್ತಿ ಅಂತ ಕೂತಿರುತ್ತೆ. ಹೊಸ ಮಾಲೀಕರು ಬಂದ ಕೂಡಲೇ “ಇದರ ಬೆಲೆ ಇಷ್ಟಿಲ್ಲ” ಅಂತ ಇಳಿಸಿ ಬರೆದರೆ ಆ ವರ್ಷದ ತೆರಿಗೆ ಕಡಿಮೆಯಾಗುತ್ತೆ. ಮುಂದೆ ಲಾಭ ಜಾಸ್ತಿ ಕಾಣಿಸುತ್ತೆ, ಬಯ್ಗುಳ ಹಳೇ ಮಾಲೀಕರಿಗೆ ಹೋಗುತ್ತೆ. ಕಾರ್ಟೂನ್ ಕೆಟ್ಟದಾಗಿತ್ತು, ಯಾರೂ ನೋಡುತ್ತಿರಲಿಲ್ಲ ಅನ್ನೋ ಮಾತು ಆ ಲೆಕ್ಕದಲ್ಲಿ ಎಲ್ಲೂ ಬರೋದೇ ಇಲ್ಲ.

2025ರ ಡಿಸೆಂಬರ್‌ನಲ್ಲಿ ಇದಕ್ಕೆ ಇನ್ನೊಂದು ತಿರುವು ಬಂತು. ವಾರ್ನರ್‌ನ ಸ್ಟುಡಿಯೊ ಮತ್ತು ಆ್ಯಪ್ ಕೊಳ್ಳುತ್ತೇನೆ ಅಂತ ನೆಟ್‌ಫ್ಲಿಕ್ಸ್ ಒಪ್ಪಂದ ಮಾಡಿಕೊಂಡಿತು. ಮೂರೇ ದಿನಕ್ಕೆ ಪ್ಯಾರಾಮೌಂಟ್ ಬಂದು ಇಡೀ ಕಂಪನಿಗೆ ಹೆಚ್ಚು ಕೊಡುತ್ತೇನೆ ಅಂತ ಲಿಲಾವು ಕೂಗಿತು. ನೆಟ್‌ಫ್ಲಿಕ್ಸ್‌ನ ಒಪ್ಪಂದದಲ್ಲಿ ಕೇಬಲ್ ಚಾನೆಲ್‌ಗಳು ಇರಲಿಲ್ಲ. ಅವನ್ನು ಬೇರೆ ಕಂಪನಿ ಮಾಡಿ ಕಳಿಸುವುದು ಆಗಿನ ಲೆಕ್ಕ. ಕೊಟ್ಟಿಗೆ ಅಣ್ಣನಿಗೆ, ಎಮ್ಮೆ ತಮ್ಮನಿಗೆ ಅಂತ ವಾಟ್ನಿ ಮಾಡಿದ ಹಾಗೆ. ಆ ಲೆಕ್ಕದ ಪ್ರಕಾರ ಚಾನೆಲ್ಲು ಒಬ್ಬರದ್ದು, ಅದರಲ್ಲಿ ಓಡುವ ಬೆಕ್ಕು ಇನ್ನೊಬ್ಬರದ್ದು. ನಾವು ಚಿಕ್ಕವರಿದ್ದಾಗ ಎರಡೂ ಒಂದೇ ಅಂದುಕೊಂಡಿದ್ದೆವು.

ಈಗ ನಿಮ್ಮ ಡೋರಾ. ಅವಳ ಮನೆತನ ಇನ್ನೂ ಮಜವಾಗಿದೆ. ಡೋರಾ 2000ದಲ್ಲಿ ನಿಕೆಲೋಡಿಯನ್ ಚಾನೆಲ್ಲಿನಲ್ಲಿ ಶುರುವಾಯಿತು. ಅದರ ಮಾಲೀಕರು ವಯಾಕಾಮ್. ಈ ವಯಾಕಾಮ್ ಮೂಲದಲ್ಲಿ ಸಿಬಿಎಸ್ ಅನ್ನೋ ಟಿವಿ ಕಂಪನಿಯಿಂದ 1971ರಲ್ಲಿ ಬೇರೆಯಾದ ಮರಿ. ದೊಡ್ಡವನಾದ ಮಗ 2000ದಲ್ಲಿ ಅಪ್ಪನನ್ನೇ ಕೊಂಡುಕೊಂಡ. 2006ಕ್ಕೆ ಮತ್ತೆ ವಾಟ್ನಿ, ಬೇರೆ ಬೇರೆ ಒಲೆ. 2019ರ ಡಿಸೆಂಬರ್‌ನಲ್ಲಿ ಮತ್ತೆ ಒಂದೇ ಮನೆ. 2022ರಲ್ಲಿ ಮನೆಯ ಹೆಸರು ಪ್ಯಾರಾಮೌಂಟ್ ಅಂತಾಯಿತು. 2025ರ ಆಗಸ್ಟ್‌ನಲ್ಲಿ ಸ್ಕೈಡಾನ್ಸ್ ಕಂಪನಿ ಬಂದು ಸುಮಾರು 800 ಕೋಟಿ ಡಾಲರಿನ ವ್ಯವಹಾರದಲ್ಲಿ ಅದನ್ನು ತನ್ನ ಜೊತೆ ಸೇರಿಸಿಕೊಂಡಿತು. ನಮ್ಮ ಕಡೆ ಯಾವುದಾದರೂ ಮನೆತನದಲ್ಲಿ ಇಷ್ಟು ಸಲ ಗೋಡೆ ಕಟ್ಟಿ ಒಡೆದಿದ್ದರೆ ಊರವರು ಆಡಿಕೊಳ್ಳುತ್ತಿದ್ದರು.

ಭಾರತದಲ್ಲಿ ಕಥೆ ಬೇರೆ. ಇಲ್ಲಿ ನಿಕ್ ಚಾನೆಲ್ಲನ್ನು ನಡೆಸಿದ್ದು ವಯಾಕಾಮ್18, ಅಂದರೆ ಇಲ್ಲಿಯವರು ಮತ್ತು ಅಮೆರಿಕದವರು ಕೂಡಿ ಮಾಡಿದ ಕಂಪನಿ. 2024ರ ಮಾರ್ಚ್‌ನಲ್ಲಿ ಅಮೆರಿಕದವರು ತಮ್ಮ ಉಳಿದ ಪಾಲನ್ನು 4,286 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಬಿಟ್ಟುಕೊಡುವ ಒಪ್ಪಂದ ಮಾಡಿಕೊಂಡರು. ಅದೇ ವರ್ಷ ನವೆಂಬರ್ 14ಕ್ಕೆ ವಯಾಕಾಮ್18 ಮತ್ತು ಡಿಸ್ನಿಯ ಸ್ಟಾರ್ ಇಂಡಿಯಾ ಒಂದಾದವು. ಒಟ್ಟು ಬೆಲೆ 70,352 ಕೋಟಿ ರೂಪಾಯಿ ಅಂತ ಕಟ್ಟಿದರು. 2025ರ ಫೆಬ್ರುವರಿಯಲ್ಲಿ ಜಿಯೊಹಾಟ್‌ಸ್ಟಾರ್ ಬಂದದ್ದು ಇದರಿಂದಲೇ. ಅಮೆರಿಕದಲ್ಲಿ ಒಬ್ಬರ ಮುಖ ಒಬ್ಬರು ನೋಡದ ಮಿಕ್ಕಿ ಮೌಸ್ ಮತ್ತು ನಿಕ್ ಚಾನೆಲ್ಲು ಇಲ್ಲಿ ಒಂದೇ ಸೂರಿನಡಿ ಸಂಸಾರ ಮಾಡುತ್ತಿವೆ. ಎಲ್ಲಾ ಮದುವೆ ಹೀಗೆ ದಡ ಸೇರುವುದಿಲ್ಲ ಅನ್ನಿ. ಝೀ ಮತ್ತು ಸೋನಿ ಕೂಡಿಕೆ 2021ರಲ್ಲಿ ನಿಶ್ಚಯವಾಗಿ, ಎರಡು ವರ್ಷ ಮಾತುಕತೆ ನಡೆದು, 2024ರ ಜನವರಿಯಲ್ಲಿ ಮುರಿದುಬಿತ್ತು.

ಹಾಗಾದರೆ ನೀವು ನೋಡಿದ ಡೋರಾ ಯಾರ ಬಳಿ ಇದ್ದಾಳೆ? ಅವಳ ಚಿತ್ರ ಅಮೆರಿಕದ ಪ್ಯಾರಾಮೌಂಟ್‌ದು. ಅವಳ ತವರು ಚಾನೆಲ್ಲು ಇಲ್ಲಿ ಮುಂಬೈಯವರ ಕೈಯಲ್ಲಿದೆ. ಆದರೆ ನೀವು ನೋಡಿದ್ದು ಆ ಚಾನೆಲ್ಲಿನಲ್ಲೂ ಅಲ್ಲ. 2009ರಲ್ಲಿ ಶುರುವಾದ ಚಿಂಟು ಟಿವಿ ಸನ್ ನೆಟ್‌ವರ್ಕ್‌ನದು. ಒಂದೇ ಹುಡುಗಿ, ಮೂರು ಮನೆ. ಹಕ್ಕು ಯಾರ ಯಾರ ಬಳಿ ಇದೆಯೋ ಅವರೆಲ್ಲ ಒಪ್ಪಿ ಸಹಿ ಹಾಕಿದರೆ ಮಾತ್ರ ನಿಮ್ಮ ಕನ್ನಡ ಡೋರಾ ಫೋನಿನಲ್ಲಿ ಕಾಣಿಸಬಹುದು. ಹಾಕುವುದರಿಂದ ಯಾರಿಗೆ ಎಷ್ಟು ಬರುತ್ತೆ? ಬಹಳ ಇಲ್ಲ. 2024ರಲ್ಲಿ ಪ್ಯಾರಾಮೌಂಟ್ ಹೊಸದಾಗಿ ಕಂಪ್ಯೂಟರಿನಲ್ಲಿ ಮಾಡಿದ ಡೋರಾ ತಂದಿತು. ಹೆಸರು ಮಾರಾಟವಾಗುತ್ತೆ ಅಂತ ಅವರಿಗೆ ಗೊತ್ತು. ಹೊಸದನ್ನೇ ನೋಡಲಿ ಅನ್ನೋದು ಅವರ ಆಸೆ.

ಕನ್ನಡದ ದನಿಯ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಯ ಗಂಟು ಇರೋದು ಅಲ್ಲೇ ಅಂತ ನನ್ನ ಲೆಕ್ಕ.

ಹೊರಗಿನ ಕಾರ್ಟೂನ್ ಡಬ್ಬಿಂಗಿಗೆ ಬರುವಾಗ ಚಿತ್ರದ ಜೊತೆ ಒಂದು ಬೇರೆ ಧ್ವನಿಪಟ್ಟಿ ಬರುತ್ತೆ. ಅದಕ್ಕೆ ನಾವು ಎಂ ಅಂಡ್ ಇ ಅನ್ನುತ್ತೇವೆ. ಅದರಲ್ಲಿ ಸಂಗೀತ ಇರುತ್ತೆ, ಬಾಗಿಲು ಬಡಿದ ಸದ್ದು, ಹೆಜ್ಜೆ ಸದ್ದು ಇರುತ್ತೆ. ಮಾತು ಇರುವುದಿಲ್ಲ. ಅದರ ಮೇಲೆ ಕನ್ನಡದ ಮಾತು ಕೂರಿಸಬೇಕು. ಒಂದು ಚಿಕ್ಕ ಬೂತು, ಒಂದು ಮೈಕು, ಎದುರಿಗೆ ಪರದೆ. ಹತ್ತು ವರ್ಷದ ಹುಡುಗಿಯ ದನಿ ಕೊಡುವವರು ಬಹಳ ಸಲ ಮೂವತ್ತು ದಾಟಿದ ಹೆಂಗಸರು. ಒಬ್ಬರೇ ಕೋತಿಯೂ ಆಗುತ್ತಾರೆ, ಅಜ್ಜಿಯೂ ಆಗುತ್ತಾರೆ. ಬಾಯಿ ಅಲುಗಾಟಕ್ಕೆ ಸರಿಯಾಗಿ ಕನ್ನಡ ಕೂರಿಸಬೇಕು. ಇಂಗ್ಲಿಷಿನಲ್ಲಿ ಒಂದು ಸಣ್ಣ ಶಬ್ದ ಇದ್ದಲ್ಲಿ ಕನ್ನಡದಲ್ಲಿ ನಾಲ್ಕಕ್ಷರ ಆಗುತ್ತೆ, ಕತ್ತರಿಸಿ ಬರೆಯಬೇಕು. ಇಷ್ಟೆಲ್ಲ ಮಾಡಿದವರ ಹೆಸರು ಕೊನೆಯಲ್ಲಿ ಬರುವುದೂ ಅಪರೂಪ.

ಈ ದನಿಯ ಒಡೆತನ ಯಾರದ್ದು ಅನ್ನೋದನ್ನು ಆಯಾ ಕಾರ್ಟೂನಿನ ಒಪ್ಪಂದ ಹೇಳುತ್ತೆ. ಕೆಲವದರಲ್ಲಿ ದುಡ್ಡು ಕೊಟ್ಟ ಚಾನೆಲ್ಲಿನದು. ಕೆಲವದರಲ್ಲಿ ಅವಧಿ ಮುಗಿದ ಮೇಲೆ ಮೂಲ ಮಾಲೀಕರಿಗೆ ಒಪ್ಪಿಸಬೇಕು. ಮತ್ತೆ ಕೆಲವದರಲ್ಲಿ “ಅಳಿಸಿ ಹಾಕತಕ್ಕದ್ದು” ಅಂತಲೇ ಬರೆದಿರುತ್ತೆ. ಚಾನೆಲ್ಲಿಗೆ ಚಿತ್ರದ ಹಕ್ಕು ಮೂರೋ ಐದೋ ವರ್ಷಕ್ಕೆ ಮಾತ್ರ ಇರುತ್ತೆ. ಅದು ಮುಗಿದ ದಿನ ಕನ್ನಡದ ದನಿ ಅನಾಥ. ಚಿತ್ರವಿಲ್ಲದ ದನಿಯನ್ನು ಯಾರು ಕೇಳುತ್ತಾರೆ?

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಕಂಪನಿಯ ಹೆಸರು ಬೇಡ, ಅದೀಗ ಉಳಿದೂ ಇಲ್ಲ. ಬೆಂಗಳೂರಿನಲ್ಲಿ ಅವರು ಆಫೀಸು ಬದಲಿಸುವಾಗ ಟೇಪುಗಳ ಕೋಣೆ ಖಾಲಿ ಮಾಡಿಸಬೇಕಿತ್ತು. ನಾನು ಪಟ್ಟಿ ಮಾಡಲು ಹೋಗಿದ್ದೆ. ಪಟ್ಟಿಗೆ ಮುಂಚೆಯೇ ಗುಜರಿಯವರ ಟೆಂಪೊ ಬಂದಿತ್ತು. ನೀಲಿ ಬಣ್ಣದ ಪ್ಲಾಸ್ಟಿಕ್ ಡಬ್ಬಿಗಳು, ಪ್ರತಿಯೊಂದರ ಬೆನ್ನಿಗೆ ಬಿಳಿ ಚೀಟಿ. ದುಂಡಗಿನ ಕೈಬರಹದಲ್ಲಿ “ಕಂತು 14, ಕನ್ನಡ, ಫೈನಲ್.” ಅದರ ಕೆಳಗೆ ಬೇರೆ ಪೆನ್ನಿನಲ್ಲಿ “ಫೈನಲ್ ಅಲ್ಲ, ಕೋತಿ ದನಿ ಮತ್ತೆ ಮಾಡಬೇಕು.” ಅದರ ಕೆಳಗೆ “ಆಯಿತು.” ಗುಜರಿಯವನು ಡಬ್ಬಿ ಬಿಚ್ಚಿ ಟೇಪು ಒಂದು ಚೀಲಕ್ಕೆ, ಪ್ಲಾಸ್ಟಿಕ್ ಇನ್ನೊಂದು ಚೀಲಕ್ಕೆ ಹಾಕುತ್ತಿದ್ದ. ಪ್ಲಾಸ್ಟಿಕ್‌ಗೆ ರೇಟು ಜಾಸ್ತಿ ಅಂದ. ನಾನು ಮ್ಯಾನೇಜರ್‌ಗೆ ಫೋನ್ ಮಾಡಿದೆ. ಹಕ್ಕು ಮುಗಿದಿದೆ, ಇಟ್ಟುಕೊಂಡರೇ ತಪ್ಪಾಗುತ್ತೆ ಅಂದರು. ಕಾಗದದ ಪ್ರಕಾರ ಅವರ ಮಾತು ಸರಿ ಇತ್ತು. ಆ ಚೀಟಿ ಬರೆದವರು ಯಾರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಆ ಕೋತಿ ದನಿ ಮತ್ತೆ ಮಾಡಿಸಿದ ಮೇಲೆ ಹೇಗಿತ್ತೋ.

ನನ್ನ ವಯಸ್ಸಿನವರಿಗೆ ದೂರದರ್ಶನದ ಮೌಗ್ಲಿ ಇದೆ. ಅದು ಜಪಾನಿನಲ್ಲಿ ತಯಾರಾದ ಕಾರ್ಟೂನು. ಆದರೆ ನಮ್ಮ ಕಿವಿಯಲ್ಲಿ ಉಳಿದಿರುವುದು ಗುಲ್ಜಾರ್ ಬರೆದ ಹಿಂದಿ ಹಾಡು, ಶೇರ್ ಖಾನ್‌ಗೆ ನಾನಾ ಪಾಟೇಕರ್ ಕೊಟ್ಟ ದನಿ. ಜಪಾನಿ ಮೂಲವನ್ನು ಈಗ ಹಚ್ಚಿ ಕೊಟ್ಟರೆ ನಾಲ್ಕು ನಿಮಿಷವೂ ಕೂರಲಾರೆ. ನಿಮಗೂ ಇಂಗ್ಲಿಷ್ ಡೋರಾ ಸಿಕ್ಕಿದ್ದಾಳಲ್ಲ, ಸಮಾಧಾನ ಆಯಿತಾ? ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಡೋರಾ ಏನಾದರೂ ಕೇಳಿ ಸುಮ್ಮನೆ ನಿಮ್ಮನ್ನೇ ನೋಡ್ತಾ ನಿಲ್ಲುತ್ತಿದ್ದಳು, ನೆನಪಿದೆಯಾ? ಮಕ್ಕಳು ಉತ್ತರ ಕೊಡಲಿ ಅಂತ ಬಿಟ್ಟ ಜಾಗ ಅದು. ಅಥಣಿಯ ನಿಮ್ಮ ಪಡಸಾಲೆಯಲ್ಲಿ ಆ ಜಾಗ ತುಂಬಿದ್ದು ನಿಮ್ಮ ತಮ್ಮ.

ಕನ್ನಡಕ್ಕೇ ಯಾಕೆ ಹೀಗೆ ಅಂದರೆ ಎರಡು ಕಾರಣ. ಮೊದಲನೆಯದು ಲೆಕ್ಕ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು 4.37 ಕೋಟಿ. ತೆಲುಗು 8.11 ಕೋಟಿ, ತಮಿಳು 6.9 ಕೋಟಿ, ಹಿಂದಿ ಅಂತ ಲೆಕ್ಕ ಹಾಕಿದ್ದು 52 ಕೋಟಿಗೂ ಮೇಲೆ. ಒಂದು ಕಂತಿನ ಡಬ್ಬಿಂಗ್ ಖರ್ಚು ಯಾವ ಭಾಷೆಗೂ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ಸಾಲಿನಲ್ಲಿ ಕನ್ನಡ ಹಿಂದೆ. ಎರಡನೆಯದು ನಮ್ಮದೇ ಮಾಡಿಕೊಂಡದ್ದು. ಡಬ್ಬಿಂಗ್ ಬೇಡ ಅಂತ 1960ರ ದಶಕದಿಂದ ನಮ್ಮ ಚಿತ್ರರಂಗ ಹಿಡಿದ ಪಟ್ಟು ಗೊತ್ತೇ ಇದೆ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟ ಮೇಲೆ 2015ರಲ್ಲಿ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯೋದು ತಪ್ಪು ಅಂತ ದಂಡ ಹಾಕಿತು. ಆ ಪಟ್ಟಿನ ಹಿಂದೆ ಕಲಾವಿದರ ಹೊಟ್ಟೆಪಾಡಿನ ಭಯ ಇತ್ತು, ಅದನ್ನು ನಾನು ಹಗುರವಾಗಿ ನೋಡಲ್ಲ. ಆದರೆ ಅದರಿಂದ ಡಬ್ಬಿಂಗ್ ಕಸಬೇ ಇಲ್ಲಿ ತಡವಾಗಿ ಬೆಳೆಯಿತು. ಚೆನ್ನೈ, ಮುಂಬೈಯಲ್ಲಿ ಇದ್ದಂಥ ಹಳೇ ಸ್ಟುಡಿಯೊ, ಟೇಪು ಕಾಯುವವರು, ಪಟ್ಟಿ ಇಡುವವರು ನಮ್ಮಲ್ಲಿ ಕಡಿಮೆ. ಬೆಳಗಾವಿಯ ಮಕ್ಕಳಂತೂ ಹಿಂದಿ ಕಾರ್ಟೂನಿನಿಂದಲೇ ಹಿಂದಿ ಕಲಿತರು. ಚಿಂಟು ಟಿವಿ ಬಂದಾಗ ಕನ್ನಡದಲ್ಲಿ ಬೆಕ್ಕು ನಾಯಿ ಮಾತಾಡೋದು ಕೇಳಿ ನಮ್ಮ ತಾಯಿ “ಇವಕ್ಕೂ ಬೆಂಗಳೂರ ಕನ್ನಡ ಬರ್ತೈತೇನ?” ಅಂದಿದ್ದರು.

ಕಾಯಂ ಹೋಗಿಬಿಡುತ್ತವಾ ಅಂತ ಕೇಳಿದ್ದೀರಿ. ದೊಡ್ಡ ಹೆಸರುಗಳು ಹೋಗಲ್ಲ. ಟಾಮ್ ಅಂಡ್ ಜೆರಿಯನ್ನು ಯಾರೇ ಕೊಂಡರೂ ಕಾಪಾಡುತ್ತಾರೆ, ಅದು ಹಾಲು ಕೊಡುವ ಎಮ್ಮೆ. ಛೋಟಾ ಭೀಮನ ಬಗ್ಗೆಯೂ ಭಯ ಬೇಡ. ಅವನು 2008ರಲ್ಲಿ ಪೋಗೊದಲ್ಲಿ ಶುರುವಾದರೂ ಹೈದರಾಬಾದಿನ ಗ್ರೀನ್ ಗೋಲ್ಡ್ ಕಂಪನಿಯ ಮಗ. ಚಾನೆಲ್ಲು ಯಾರ ಪಾಲಾದರೂ ಅವನ ಉತಾರ ಹೈದರಾಬಾದಿನಲ್ಲೇ ಇರುತ್ತೆ. ಹೋಗುವುದು ನಡುವಿನವು. ಒಂದೆರಡು ವರ್ಷ ಓಡಿ, ಹತ್ತಾರು ಸಾವಿರ ಮಕ್ಕಳಿಗೆ ಮಾತ್ರ ನೆನಪಿರುವಂಥವು. ಅದರಲ್ಲೂ ಮೊದಲು ಹೋಗುವುದು ಅವುಗಳ ಕನ್ನಡದ ದನಿ.

ಎಲ್ಲಾ ತಪ್ಪನ್ನೂ ಕಂಪನಿಗಳ ಮೇಲೆ ಹಾಕಿದರೆ ಅನ್ಯಾಯವಾಗುತ್ತೆ. ಅವು ಕೂಡುತ್ತಿರುವುದೇ ಟಿವಿ ಬಡವಾಗಿದೆ ಅಂತ. ಮಕ್ಕಳು ಫೋನಿಗೆ ಹೋದರು, ಬಿಸ್ಕತ್ತು ಚಾಕೊಲೇಟಿನ ಜಾಹೀರಾತೂ ಹಿಂದೆ ಹೋಯಿತು. 2019ರಲ್ಲಿ ಟಿವಿ, ಫೋನ್ ವ್ಯವಹಾರ ನೋಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ನಿಯಮ ಬಂದು ಚಾನೆಲ್ ಆರಿಸಿ ದುಡ್ಡು ಕೊಡಬೇಕಾದಾಗ ಎಷ್ಟೋ ಮನೆಗಳಲ್ಲಿ ಮೊದಲು ಕತ್ತರಿ ಬಿದ್ದದ್ದು ಮಕ್ಕಳ ಚಾನೆಲ್ಲಿಗೆ. “ಮೊಬೈಲ್‌ದಾಗ ನೋಡ್ತಾವ ಬಿಡ್ರಿ” ಅಂತ ನಮ್ಮ ಗಿರಾಕಿಗಳೇ ಹೇಳುತ್ತಿದ್ದರು. ನಿಮ್ಮ ಅಕ್ಕನ ಮಗಳು ಈಗ ಬೆಂಗಳೂರಿನ ಇನ್ಫೋಬೆಲ್ಸ್‌ನವರ ಕನ್ನಡ ಹಾಡುಗಳನ್ನು ನೋಡುತ್ತಿರಬಹುದು. ಇಪ್ಪತ್ತು ವರ್ಷದ ಮೇಲೆ ಅವಳು ಹುಡುಕುವುದು ಅದನ್ನೇ, ಡೋರಾಳನ್ನಲ್ಲ. ಅವಳಿಗೆ ಬಲವಂತವಾಗಿ ಡೋರಾ ತೋರಿಸಬೇಡಿ. ಮಗು ಎದ್ದು ಹೋದರೆ ನಿಮಗೇ ಬೇಜಾರು.

ಇನ್ನು ಆ 17 ಡಿವಿಡಿ. ಟಿವಿಯಿಂದ ಮನೆಯ ಬಳಕೆಗೆ ರೆಕಾರ್ಡ್ ಮಾಡಿಕೊಂಡದ್ದು ತಪ್ಪಲ್ಲ. 1957ರ ಕಾಪಿರೈಟ್ ಕಾಯ್ದೆಯ 39ನೇ ಕಲಂ ಸ್ವಂತ ಬಳಕೆಯ ರೆಕಾರ್ಡಿಂಗಿಗೆ ಬಿಡುವು ಕೊಟ್ಟಿದೆ. ಯೂಟ್ಯೂಬಿಗೆ ಹಾಕಿದರೆ ಅದು ಸ್ವಂತ ಬಳಕೆ ಆಗಲ್ಲ, ಊರಿಗೆಲ್ಲ ಹಂಚಿದ ಹಾಗೆ. ಪ್ರಸಾರ ಮಾಡಿದ ಚಾನೆಲ್ಲಿಗೆ ಆ ಪ್ರಸಾರದ ಮೇಲೆ 25 ವರ್ಷ ಹಕ್ಕು ಇರುತ್ತೆ. ಚಿತ್ರದ ಮೇಲೆ ನಮ್ಮ ಕಾಯ್ದೆಯಲ್ಲಿ 60 ವರ್ಷ. 2000ದ ಡೋರಾ ಕಂತಿಗೆ ಲೆಕ್ಕ ಹಾಕಿದರೆ 2060ರ ಕೊನೆಯವರೆಗೆ. ಆಗ ನಿಮಗೂ 60. ಯೂಟ್ಯೂಬಿನ ಯಂತ್ರ ಚಿತ್ರ ಗುರುತಿಸಿ ತಡೆಯುತ್ತೆ. ಮಾಲೀಕರ ದೂರಿನ ಮೇಲೆ 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ನಿಮ್ಮ ಚಾನೆಲ್ಲೇ ಹೋಗುತ್ತೆ. ಅದರ ಜೊತೆ ನೀವು ಹಾಕಿದ ಮದುವೆ ವಿಡಿಯೊಗಳೂ ಹೋಗುತ್ತವೆ.

ಬದಲಿಗೆ ಕಂಪನಿಗೆ ಬರೆಯಿರಿ. ಚಿಂಟು ಟಿವಿಯವರಿಗೂ ಬರೆಯಿರಿ, ಪ್ಯಾರಾಮೌಂಟಿಗೂ ಬರೆಯಿರಿ. “ನನ್ನ ಬಾಲ್ಯ ವಾಪಸ್ ಕೊಡಿ” ಅಂತ ಬರೆದರೆ ಯಾರೂ ಓದಲ್ಲ. ಯಾವ ಕಾರ್ಟೂನು, ಯಾವ ವರ್ಷ, ಎಷ್ಟು ಗಂಟೆಗೆ ಬರುತ್ತಿತ್ತು, ಕನ್ನಡ ದನಿಯ ಆಯ್ಕೆ ಬೇಕು, ಇಷ್ಟು ಜನ ಕೇಳುತ್ತಿದ್ದೇವೆ ಅಂತ ಬರೆಯಿರಿ. ಹಳೇ ದನಿ ಎಲ್ಲೋ ಒಂದು ಹಾರ್ಡ್ ಡಿಸ್ಕಿನಲ್ಲಿ ಉಳಿದಿದ್ದರೆ, ಅದನ್ನು ಹುಡುಕಿಸಲು ಒಳಗೆ ಯಾರಾದರೂ ಒಬ್ಬರಿಗೆ ಕಾರಣ ಬೇಕು. ಆ ಒಬ್ಬರ ಜಾಗದಲ್ಲಿ ನಾನು ಕೂತಿದ್ದೇನೆ. ವಿವರ ಇರುವ ಪತ್ರ ಬಂದರೆ ಮೇಲಿನವರಿಗೆ ತೋರಿಸಲು ಆಗುತ್ತಿತ್ತು.

ಡಿವಿಡಿಗಳನ್ನು ಈ ತಿಂಗಳೇ ಕಾಪಿ ಮಾಡಿಸಿ. ಮನೆಯಲ್ಲಿ ಬರೆದ ಡಿವಿಡಿಯ ಒಳಗೆ ಬಣ್ಣದ ಒಂದು ಪದರ ಇರುತ್ತೆ, ಬಿಸಿಲಿಗೆ ಸೆಕೆಗೆ ಅದು ಕೆಡುತ್ತೆ. ಅಥಣಿಯ ಏಪ್ರಿಲ್ ಬಿಸಿಲಲ್ಲಿ, ತಗಡಿನ ಮಾಳಿಗೆಯ ಕೆಳಗೆ, ಟ್ರಂಕಿನ ಮೇಲೆ ಹದಿನೈದು ವರ್ಷ ಇದ್ದವು ಅಂದರೆ ಮೂರು ನಾಲ್ಕಾದರೂ ಓಡಲಿಕ್ಕಿಲ್ಲ. ಒಂದು ಡ್ರೈವಿನಲ್ಲಿ ಓಡದ್ದು ಇನ್ನೊಂದರಲ್ಲಿ ಓಡಬಹುದು, ಹಳೇ ಕಂಪ್ಯೂಟರ್ ಇಟ್ಟುಕೊಂಡವರ ಹತ್ತಿರ ಒಯ್ದು ನೋಡಿ. ಎರಡು ಹಾರ್ಡ್ ಡಿಸ್ಕಿಗೆ ಹಾಕಿಸಿ, ಒಂದು ನಿಮ್ಮಲ್ಲಿ, ಒಂದು ತಮ್ಮನಲ್ಲಿ. ಡಿವಿಡಿ ಮೇಲೆ ಬಾಲ್ ಪೆನ್ನಿನಲ್ಲಿ ಬರೆಯಬೇಡಿ, ಗೀರು ಬೀಳುತ್ತೆ. ಮಾರ್ಕರ್ ಸಾಕು. ಕೊನೆಯಲ್ಲಿ ಹೆಸರುಗಳು ಓಡುತ್ತಿದ್ದರೆ ನಿಲ್ಲಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ದನಿ ಕೊಟ್ಟವರ ಹೆಸರು ಸಿಕ್ಕರೂ ಸಿಗಬಹುದು. ಅಂಗಡಿಯವರು ನಡುವಿನ ಜಾಹೀರಾತು ಕತ್ತರಿಸಿ ಕೊಡಲಾ ಅಂತ ಕೇಳುತ್ತಾರೆ. ಬೇಡ ಅನ್ನಿ.